ಗುಬ್ಬಕ್ಕನ ಮನೆ ಕಲ್ಲಿನದೋ, ಮೇಣದ್ದೋ?

ಹೋದ ಮಳೆಗಾಲದ ಒಂದು ಭಾನುವಾರ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಬಳಗದ ಕೋಣೆಯಲ್ಲಿ ಜಮಖಾನೆ ಹಾಸಿ, ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತಿದ್ದೆ. ಹೊರಗೆ ಧೋ ಅಂತ ಮಳೆ. ಕಥೆಯೊಳಗೂ ಮಳೆ. "ಕಾಗಕ್ಕನ ಮನೆ ಸಗಣಿದು, ಗುಬ್ಬಕ್ಕನ ಮನೆ ಕಲ್ಲಿಂದು" ಅಂದೆ. ಕೂಡಲೇ ಹಿಂದಿನಿಂದ ಒಂದು ಕೈ ಮೇಲೆದ್ದಿತು. ಗೆಳತಿಯ ಜೊತೆ ಸುಮ್ನೆ ಬಂದು ಕೂತಿದ್ದ ಮರಾಠಿ ಹುಡುಗಿ, ಎರಡನೇ ಕ್ಲಾಸು. ಅವಳಿಗೆ ಕನ್ನಡ ಬರುವುದಿಲ್ಲ. ಗೆಳತಿ ಕಿವಿಯಲ್ಲಿ ಪಿಸುಪಿಸು ಅಂತ ಹೇಳಿಕೊಡುತ್ತಿದ್ದಳು. "ನಾಹೀ ಕಾಕೂ, ಚಿಮಣೀಚಂ ಘರ ಮೇಣಾಚಂ!" ಅಂದಳು. ಗುಬ್ಬಚ್ಚಿಯ ಮನೆ ಮೇಣದ್ದು, ಕಲ್ಲಿನದಲ್ಲ ಅಂತ.

ನಮ್ಮ ಹುಡುಗರು ಬಿಡುತ್ತಾರಾ? "ಕಲ್ಲಿಂದು!" "ಮೇಣಾಚಂ!" ಐದು ನಿಮಿಷ ಕೋಣೆ ತುಂಬ ಗಲಾಟೆ. ಒಬ್ಬ ಹುಡುಗ ತುಂಬ ಯೋಚಿಸಿ ಕೇಳಿದ: "ಮೇಣದ ಮನೆ ಮೇ ತಿಂಗಳಲ್ಲಿ ಕರಗಿ ಹೋಗಲ್ವಾ ಟೀಚರ್?"

ಎರಡೂ ಸರಿ ಅಂದೆ. ಆ ಹುಡುಗಿಯನ್ನು ಮುಂದೆ ಕರೆದು ಅವಳ ಅಜ್ಜಿ ಹೇಳುವ ಹಾಗೆ ಹೇಳು ಅಂದೆ. "ಕಾವಳ್ಯಾಚಂ ಘರ ಶೇಣಾಚಂ, ಚಿಮಣೀಚಂ ಘರ ಮೇಣಾಚಂ." ಶೇಣ ಅಂದರೆ ಸಗಣಿ. ಶೇಣಕ್ಕೆ ಮೇಣ ಪ್ರಾಸ. ಅಷ್ಟೇ ಕಾರಣ! ಮರಾಠಿಯ ನಾಲಿಗೆಗೆ ಅಲ್ಲಿ ಮೇಣವೇ ಬೇಕು. ಕನ್ನಡದಲ್ಲಿ ಆ ಪ್ರಾಸ ಇಲ್ಲ, ಹಾಗಾಗಿ ನಮ್ಮ ಗುಬ್ಬಕ್ಕ ಗಟ್ಟಿಯಾಗಿ ಕಲ್ಲಿನ ಮನೆ ಕಟ್ಟಿಕೊಂಡಿದ್ದಾಳೆ. ಕಾಗೆ ನೆನೆದುಕೊಂಡು ಬಂದು ಬಾಗಿಲು ಬಡಿಯುತ್ತದೆ. "ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ." "ತಡಿ, ಮಗೂಗೆ ನೀರು ಹಾಕ್ತಾ ಇದೀನಿ." ಮರಾಠಿಯಲ್ಲಿ, "ಚಿಊತಾಯಿ ಚಿಊತಾಯಿ, ದಾರ ಉಘಡ." "ಥಾಂಬ, ಮಾಝ್ಯಾ ಬಾಳಾಲಾ ಅಂಘೋಳ ಘಾಲತೇ." ಅದೇ ಮಳೆ, ಅದೇ ಬಾಗಿಲು, ಅದೇ ಮಗುವಿನ ಸ್ನಾನ. ಮನೆ ಮಾತ್ರ ಬೇರೆ.

ಅವತ್ತು ಕಥೆಯನ್ನು ನಾವಿಬ್ಬರೂ ಸೇರಿ ಮುಗಿಸಿದೆವು. ಗುಬ್ಬಕ್ಕನಾಗಿ ನಾನು, ಚಿಊತಾಯಿಯಾಗಿ ಅವಳು. ರಾತ್ರಿ ಮಲಗುವಾಗ ನನಗೆ ನೆನಪಾದದ್ದು, ನ್ಯೂಯಾರ್ಕಿನಲ್ಲಿ ಮಕ್ಕಳಿಗೆ ಎರಡು ಭಾಷೆಯಲ್ಲಿ ಕಥೆ ಹೇಳಿದ ಪೂರಾ ಬೆಲ್ಪ್ರೆ ಎಂಬಾಕೆ.

ಈ ಹೆಸರು ನನಗೆ ಸಿಕ್ಕಿದ್ದು ಮಾಟುಂಗದಲ್ಲಿ. ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೇ ಪುಸ್ತಕದ ಅಂಗಡಿಗಳು ಮುಂಬಯಿಯವರಿಗೆಲ್ಲ ಗೊತ್ತು. ಶಾಲೆಯ ಲೈಬ್ರರಿಗೆ ಕಡಿಮೆ ದುಡ್ಡಿಗೆ ಮಕ್ಕಳ ಪುಸ್ತಕ ಹುಡುಕಲು ನಾನು ಅಲ್ಲಿಗೆ ಹೋಗುತ್ತಿದ್ದೆ. ಒಂದು ಚಿತ್ರಪುಸ್ತಕದ ಮುಖಪುಟದಲ್ಲಿ ಪದಕದ ಗುರುತು, ಅದರಲ್ಲಿ ಈ ಹೆಸರು. ಒಳಗೆ ಇಂಗ್ಲಿಷು, ನಡುನಡುವೆ ಸ್ಪ್ಯಾನಿಷ್ ಮಾತುಗಳು. ಯಾರ ಹೆಸರಿನ ಪದಕ ಇದು ಅಂತ ಹುಡುಕುತ್ತಾ ಹೋದೆ. ಆಕೆ ನನ್ನ ಹಾಗೇ ಒಬ್ಬ ಲೈಬ್ರರಿಯನ್ ಅಂತ ತಿಳಿದ ದಿನ ಎಷ್ಟು ಖುಷಿಯಾಯಿತು ಅಂದರೆ, ಮನೆಯವರನ್ನೆಲ್ಲ ಕೂರಿಸಿ ಹೇಳಿದೆ.

ಪೂರಾ ಹುಟ್ಟಿದ್ದು ಪೋರ್ಟೊರಿಕೊ ದ್ವೀಪದ ಸಿದ್ರಾ ಎಂಬ ಊರಿನಲ್ಲಿ. ಕೆರಿಬಿಯನ್ ಸಮುದ್ರದ ಈ ದ್ವೀಪ 1898ರಲ್ಲಿ ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಹೋಯಿತು. 1917ರಲ್ಲಿ ಅಲ್ಲಿಯವರಿಗೆ ಅಮೆರಿಕದ ಪೌರತ್ವ ಸಿಕ್ಕಿತು. ಜನ ಹೊಟ್ಟೆಪಾಡಿಗೆ ನ್ಯೂಯಾರ್ಕಿಗೆ ಬರತೊಡಗಿದರು. ಟೀಚರ್ ಆಗಬೇಕು ಅಂತ ಪೋರ್ಟೊರಿಕೊದ ವಿಶ್ವವಿದ್ಯಾಲಯ ಸೇರಿದ್ದವಳು ಪೂರಾ. 1920ರಲ್ಲಿ ಅಕ್ಕತಂಗಿಯರಲ್ಲೊಬ್ಬಳ ಮದುವೆಗೆ ಅಂತ ನ್ಯೂಯಾರ್ಕಿಗೆ ಬಂದಳು. ಮದುವೆ ಮುಗಿಯಿತು, ಆಕೆ ವಾಪಸು ಹೋಗಲಿಲ್ಲ. ಮುಂಬಯಿಯ ನಮ್ಮಲ್ಲಿ ಹೀಗೆ ಉಳಿದುಕೊಂಡವರು ಎಷ್ಟು ಜನ ಅಲ್ವಾ? ನಾಲ್ಕು ದಿನಕ್ಕೆ ಅಂತ ಬಂದು ನಲವತ್ತು ವರ್ಷ ಇದ್ದವರು.

ಮೊದಲು ಬಟ್ಟೆ ಹೊಲಿಯುವ ಉದ್ಯಮದಲ್ಲಿ ಕೆಲಸ. 1921ರಲ್ಲಿ ಹಾರ್ಲೆಮ್‌ನ 135ನೇ ಬೀದಿಯ ಲೈಬ್ರರಿಗೆ ಸೇರಿದಳು. ಅಲ್ಲಿಯ ಮುಖ್ಯಸ್ಥೆ ಅರ್ನೆಸ್ಟೀನ್ ರೋಸ್ ಸುತ್ತಮುತ್ತ ಯಾವ ಜನ ಇದ್ದಾರೋ ಅವರ ನಡುವಿನವರನ್ನೇ ಕೆಲಸಕ್ಕೆ ತೆಗೆದುಕೊಳ್ಳಬೇಕು ಅನ್ನುವವರು. ಬೀದಿಯಲ್ಲಿ ಸ್ಪ್ಯಾನಿಷ್ ಮಾತಾಡುವವರು ಜಾಸ್ತಿ ಆಗುತ್ತಿದ್ದರು, ಲೈಬ್ರರಿಯೊಳಗೆ ಆ ಮಾತು ಬಲ್ಲವರು ಬೇಕಾಗಿತ್ತು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಮೊದಲ ಪೋರ್ಟೊರಿಕನ್ ಲೈಬ್ರರಿಯನ್ ಪೂರಾ.

ಮಕ್ಕಳ ವಿಭಾಗದ ಕಪಾಟು ನೋಡುತ್ತಾ ಹೋದಾಗ ಆಕೆಗೆ ಒಂದು ವಿಷಯ ಕಂಡಿತು. ಬೇರೆ ಬೇರೆ ದೇಶಗಳ ಜನಪದ ಕಥೆಗಳು ಅಲ್ಲಿವೆ. ತನ್ನ ಅಜ್ಜಿ ಹೇಳಿದ ಒಂದು ಕಥೆಯೂ ಇಲ್ಲ. ಪೋರ್ಟೊರಿಕೊದ ಒಂದೂ ಇಲ್ಲ.

ಕಪಾಟಿನ ಮುಂದಿನ ಈ ಗಳಿಗೆಯನ್ನು ನಾನು ಮತ್ತೆ ಮತ್ತೆ ನೆನೆದುಕೊಳ್ಳುತ್ತೇನೆ. ಮಕ್ಕಳು ಕಪಾಟನ್ನು ಹೇಗೆ ನೋಡುತ್ತಾರೆ ಅಂತ ಮೂವತ್ತು ವರ್ಷ ಹತ್ತಿರದಿಂದ ನೋಡಿದವಳು ನಾನು. ಅಲ್ಲಿ ಇರುವುದೇ ಕಥೆ, ಮನೆಯಲ್ಲಿ ಅಜ್ಜಿ ಹೇಳುವುದು ಬರೀ ಮಾತು ಅಂತ ಮಗು ತನ್ನಷ್ಟಕ್ಕೆ ತೀರ್ಮಾನಿಸಿಬಿಡುತ್ತದೆ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಪಾಟೇ ಹೇಳಿಕೊಡುತ್ತದೆ.

ನಮ್ಮ ಲೈಬ್ರರಿ ಓದಿನಲ್ಲಿ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಅವನ್ನು ಹೇಳುವ ಪುಸ್ತಕ 1931ರಲ್ಲಿ ಮದ್ರಾಸಿನಿಂದ ಬಂತು. ಎರಡನೆಯ ಸೂತ್ರ: ಪ್ರತಿ ಓದುಗನಿಗೂ ಅವನ ಪುಸ್ತಕ. ನಾನು ಓದುವಾಗ ಅಂದುಕೊಂಡಿದ್ದೆ, ಓದುಗ ಬರುತ್ತಾನೆ, ಪುಸ್ತಕ ಎಲ್ಲೋ ಇರುತ್ತದೆ, ನಾವು ಇಬ್ಬರನ್ನೂ ಸೇರಿಸಬೇಕು ಅಂತ. ಆ ಪುಸ್ತಕವನ್ನು ಯಾರೂ ಬರೆದೇ ಇಲ್ಲದಿದ್ದರೆ? ಪೂರಾ ಅದಕ್ಕೆ ಉತ್ತರ ಕೊಟ್ಟಳು. ಲೈಬ್ರರಿ ಶಾಲೆಯಲ್ಲಿ ಕಥೆ ಹೇಳುವುದನ್ನು ಕಲಿಸುವ ತರಗತಿ ಇತ್ತು. ಅಲ್ಲಿ ಅಜ್ಜಿಯ ಕಥೆಯನ್ನು ಬರೆದಳು. 1932ರಲ್ಲಿ ಫ್ರೆಡರಿಕ್ ವಾರ್ನ್ ಕಂಪನಿ ಅದನ್ನು 'ಪೆರೆಝ್ ಅಂಡ್ ಮಾರ್ಟಿನಾ' ಅಂತ ಪುಸ್ತಕ ಮಾಡಿತು.

ಮಾರ್ಟಿನಾ ಒಂದು ಜಿರಳೆ. ಪೆರೆಝ್ ಒಂದು ಇಲಿ. ಈ ಕಥೆಯನ್ನು ನಾನು ಮೊದಲ ಸಲ ಡೊಂಬಿವಲಿಯ ಮಕ್ಕಳಿಗೆ ಕನ್ನಡದಲ್ಲಿ ಹೇಳಿದಾಗ "ಜಿರಳೆಗೆ ಮದುವೆನಾ? ಛೀ!" ಅಂತ ಎಲ್ಲರೂ ಕಾಲು ಮೇಲೆತ್ತಿ ಕೂತರು. ಮುಂಬಯಿ ಅಡುಗೆಮನೆಯ ಮಕ್ಕಳು ಮತ್ತೇನು ಮಾಡುತ್ತಾರೆ! ಆದರೆ ಮಾರ್ಟಿನಾ ಚೆಂದದ ಜಿರಳೆ. ಅವಳನ್ನು ಮದುವೆಯಾಗಲು ಒಂದಾದ ಮೇಲೊಂದು ಪ್ರಾಣಿ ಬರುತ್ತದೆ. ನನ್ನ ಜೊತೆ ಹೇಗೆ ಮಾತಾಡುತ್ತೀ ಅಂತ ಅವಳು ಕೇಳುತ್ತಾಳೆ. ಒಬ್ಬೊಬ್ಬರೂ ತಮ್ಮ ತಮ್ಮ ದನಿ ಕೇಳಿಸುತ್ತಾರೆ. ಯಾವುದೂ ಅವಳಿಗೆ ಹಿಡಿಸುವುದಿಲ್ಲ. ಕೊನೆಗೆ ಇಲಿಯ ದನಿ ಸಂಗೀತದ ಹಾಗೆ ಕೇಳುತ್ತದೆ.

ಹೇಗೆ ಮಾತಾಡುತ್ತೀ ಅನ್ನುವ ಪ್ರಶ್ನೆಯ ಮೇಲೆ ಇಡೀ ಕಥೆ ನಿಂತಿದೆ. ಇದನ್ನೇ ತನ್ನ ಮೊದಲ ಪುಸ್ತಕಕ್ಕೆ ಆರಿಸಿಕೊಂಡಳಲ್ಲ ಅಂತ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ನಮ್ಮ ಕೋಣೆಯಲ್ಲಿ ಈ ಭಾಗ ಬಂದಾಗ ಮಕ್ಕಳನ್ನೇ ಕೇಳುತ್ತೇನೆ. ಹುಂಜ ಹೇಗೆ ಮಾತಾಡುತ್ತೆ? ಒಬ್ಬ "ಕೊಕ್ಕೊಕ್ಕೋ" ಅನ್ನುತ್ತಾನೆ, ಇನ್ನೊಬ್ಬ "ಕುಕೂಚ್‌ಕೂ" ಅನ್ನುತ್ತಾನೆ. ಹುಂಜ ಒಂದೇ. ಪೂರಾಳ ಇಲಿ ಸ್ಪ್ಯಾನಿಷಿನಲ್ಲಿ "ಚುಯೀ ಚುಯೀ" ಅನ್ನುತ್ತದೆ, ಇಂಗ್ಲಿಷ್ ಪುಸ್ತಕದೊಳಗೂ ಹಾಗೇ ಅನ್ನುತ್ತದೆ. ಆಕೆ ಇಲಿಯ ಭಾಷೆ ಬದಲಾಯಿಸಲಿಲ್ಲ.

ಕಥೆಯ ಕೊನೆ ದುಃಖದ್ದು. ಕ್ರಿಸ್ಮಸ್ಸಿಗೆ ಮಾರ್ಟಿನಾ ಅಕ್ಕಿ, ಬಾದಾಮಿ, ಒಣದ್ರಾಕ್ಷಿ ಹಾಕಿ ಸಿಹಿ ಮಾಡುತ್ತಾಳೆ. ನಾನು ಪಾಯಸ ಅಂತಲೇ ಹೇಳುತ್ತೇನೆ. ಪೆರೆಝ್ ರುಚಿ ನೋಡಲು ಹೋಗಿ ಪಾತ್ರೆಗೆ ಬಿದ್ದು ಸಾಯುತ್ತಾನೆ. ಇಲಿಯನ್ನು ಬದುಕಿಸಿ ಅಂತ ಮಕ್ಕಳು ನನ್ನ ಹತ್ತಿರ ಜಗಳ ಮಾಡಿದ್ದಾರೆ. ನಾನು ಬದುಕಿಸಿಲ್ಲ. ಮಕ್ಕಳಿಗೆ ದುಃಖದ ಕಥೆ ಬೇಡ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ನಮ್ಮ ಅಜ್ಜಿಯಂದಿರು ಗೋವಿನ ಹಾಡು ಹೇಳುವಾಗ ಹುಲಿಯನ್ನು ಬದುಕಿಸಿದರಾ?

ಈ ಪುಸ್ತಕ ಬರುವ ಮೊದಲೇ, 1929ರಲ್ಲಿ, ಆಕೆಯನ್ನು 115ನೇ ಬೀದಿಯ ಲೈಬ್ರರಿಗೆ ಕಳಿಸಿದರು. ಅಲ್ಲಿ ಪೋರ್ಟೊರಿಕೊದವರು ಹೆಚ್ಚಾಗುತ್ತಿದ್ದರು. ಆಕೆ ಎರಡೂ ಭಾಷೆಯಲ್ಲಿ ಕಥೆ ಹೇಳುವ ಗಂಟೆ ಶುರುಮಾಡಿದಳು. ಸ್ಪ್ಯಾನಿಷ್ ಪುಸ್ತಕ ತರಿಸಿದಳು. ಮಗು ಏಸುವನ್ನು ನೋಡಲು ಬಂದ ಮೂವರು ಅರಸರ ನೆನಪಿನ ಜನವರಿ 6ರ ಹಬ್ಬವನ್ನು ಲೈಬ್ರರಿಯೊಳಗೇ ಮಾಡಿಸಿದಳು. ಇದು ನನಗೆ ತುಂಬ ದೊಡ್ಡ ಕೆಲಸ ಅನ್ನಿಸುತ್ತದೆ. ಮಕ್ಕಳು ಓದಲಿ ಅಂತ ಹೇಳುವವರು ಬೇಕಾದಷ್ಟು ಜನ. ಮಕ್ಕಳ ಅಮ್ಮ ಆ ಬಾಗಿಲು ದಾಟಿ ಒಳಗೆ ಬರಲಿ, ಅವಳಿಗೂ ಇದು ನನ್ನ ಜಾಗ ಅನ್ನಿಸಲಿ ಅಂತ ಯೋಚಿಸಿದವರು ಕಡಿಮೆ.

ಮುಂಬಯಿಯಲ್ಲಿ ನಮಗೆ ಇಂಥ ಜಾಗಗಳು ಇಲ್ಲದೇ ಇಲ್ಲ. 1926ರಿಂದ ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ ಇದೆ. ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಒಂದು. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ ಎಸ್ಸೆಸ್ಸಿ ಪಾಸು ಮಾಡಿದ ಎಷ್ಟೋ ಹಿರಿಯರು ಈ ಊರಿನಲ್ಲಿದ್ದಾರೆ. ಅವರ ಕಥೆ ಇನ್ನೊಂದು ದಿನ ಬರೆಯುತ್ತೇನೆ.

ನಾನು ಲೈಬ್ರರಿ ಟೀಚರ್ ಆಗಿದ್ದ ಶಾಲೆಯಲ್ಲೂ ಕನ್ನಡ ಮಾಧ್ಯಮ ಇತ್ತು. ವರ್ಷ ವರ್ಷ ಮಕ್ಕಳು ಕಡಿಮೆಯಾದರು. ಒಂದು ಜೂನ್ ತಿಂಗಳಲ್ಲಿ ಒಂದನೇ ಕ್ಲಾಸಿಗೆ ಯಾರೂ ಬರಲಿಲ್ಲ. ಕೊನೆಗೆ ಮುಚ್ಚಿತು. ಎರಡು ಕಬ್ಬಿಣದ ಕಪಾಟು ತುಂಬ ಕನ್ನಡ ಪುಸ್ತಕ ಇದ್ದವು. ಜಾಗ ಬೇಕು, ರದ್ದಿಗೆ ಹಾಕಿ ಅಂದರು. ಲೈಬ್ರರಿಯ ಪುಸ್ತಕಗಳ ಲೆಕ್ಕ ಬರೆಯುವ ಅಕ್ಸೆಶನ್ ರಿಜಿಸ್ಟರಿನಲ್ಲಿ ಒಂದೊಂದು ಪುಸ್ತಕದ ಎದುರೂ ಕೆಂಪು ಶಾಯಿಯಲ್ಲಿ 'ರದ್ದು' ಅಂತ ಬರೆದವಳು ನಾನೇ. ಮೂರು ದಿನ ಬೇಕಾಯಿತು. ಒಂದು ಪಂಜೆಯವರ ಮಕ್ಕಳ ಪದ್ಯಗಳ ಪುಸ್ತಕ ಕೈಗೆ ಬಂತು. ಹಿಂದಿನ ಪುಟದ ಡೇಟ್ ಸ್ಲಿಪ್ಪಿನಲ್ಲಿ ಜಾಗವೇ ಇರಲಿಲ್ಲ. ಒಂದರ ಮೇಲೊಂದು ನೀಲಿ ಠಸ್ಸೆ. ಸ್ಲಿಪ್ಪಿನ ಮೇಲೆ ಇನ್ನೊಂದು ಸ್ಲಿಪ್ಪು, ಅದರ ಮೇಲೆ ಮತ್ತೊಂದು. ಬೆರಳಲ್ಲಿ ಮುಟ್ಟಿದರೆ ದಪ್ಪವಾಗಿತ್ತು. ಅದನ್ನು ರದ್ದಿವಾಲಾನ ತಕ್ಕಡಿಗೆ ಹಾಕಲು ನನ್ನಿಂದ ಆಗಲಿಲ್ಲ. ಕಿಲೋ ಲೆಕ್ಕದಲ್ಲಿ ನಾನೇ ದುಡ್ಡು ಕೊಟ್ಟು ಆದಷ್ಟು ಪುಸ್ತಕ ಮನೆಗೆ ತಂದೆ. ಡೊಂಬಿವಲಿಯ ಬಳಗದ ಕಪಾಟು ಶುರುವಾದದ್ದು ಅಲ್ಲಿಂದ.

ಪುಸ್ತಕವೇನೋ ಬಂತು. ಓದುವವರು? ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಬರುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ. ಮನೆಯಲ್ಲಿ ಕನ್ನಡ ಅಂತ ಹೇಳುತ್ತೇವೆ. ಹಾಗೆ ನೋಡಿದರೆ ಬಳಗದ ಅರ್ಧಕ್ಕರ್ಧ ಮನೆಗಳಲ್ಲಿ ತುಳು. ಕೆಲವರ ಮನೆಯಲ್ಲಿ ಕೊಂಕಣಿ. ಕನ್ನಡ ಅವರಿಗೆ ದೇವಸ್ಥಾನದ, ಯಕ್ಷಗಾನದ, ಊರಿನಿಂದ ಬರುವ ಲಗ್ನಪತ್ರಿಕೆಯ ಭಾಷೆ. ಪಂಜೆಯವರ ಮನೆಮಾತೂ ಕೊಂಕಣಿಯೇ ಆಗಿತ್ತು ಅಂತ ನೆನೆದಾಗ ನನಗೆ ಧೈರ್ಯ ಬರುತ್ತದೆ. ಕನ್ನಡದ ಮಕ್ಕಳ ಬಾಯಲ್ಲಿ ನಾಗರಹಾವನ್ನು ಕುಣಿಸಿದವರು ಮನೆಯಲ್ಲಿ ಇನ್ನೊಂದು ಭಾಷೆ ಆಡುತ್ತಿದ್ದರು.

ಹಾಗಾಗಿ ನಾನೂ ಬರೆಯತೊಡಗಿದೆ. ಹನ್ನೆರಡು ಪುಟದ ಪುಟ್ಟ ಪುಸ್ತಕಗಳು. ಎಡಗಡೆ ಕನ್ನಡ, ಬಲಗಡೆ ಮರಾಠಿ. ನಡುವೆ ಸ್ಟೇಪಲ್ ಪಿನ್ನು. ಝೆರಾಕ್ಸ್ ಅಂಗಡಿಯಲ್ಲಿ ಇಪ್ಪತ್ತೈದು ಪ್ರತಿ. ಮೊದಲೆಲ್ಲ ಒಂದನ್ನು ಬರೆದು ಇನ್ನೊಂದಕ್ಕೆ ಅನುವಾದ ಮಾಡುತ್ತಿದ್ದೆ. ಮರಾಠಿ ಪುಟ ಓದಿದ ನೆರೆಮನೆಯವರು "ವಹಿನಿ, ಅರ್ಥ ಆಗುತ್ತೆ, ಆದರೆ ಮಗುವಿಗೆ ಯಾರೂ ಹೀಗೆ ಹೇಳಲ್ಲ" ಅಂದರು. ಅವರು ಹೇಳಿದ್ದು ಸರಿ. ಆಮೇಲೆ ಅವರನ್ನೇ ಕೂರಿಸಿಕೊಂಡು, ಅವರು ಹೇಳಿದ ಹಾಗೆ ಬರೆದುಕೊಂಡೆ. ಗುಬ್ಬಕ್ಕನ ಪುಸ್ತಕದಲ್ಲಿ ಈಗ ಎಡಗಡೆ ಕಲ್ಲಿನ ಮನೆಯ ಚಿತ್ರ, ಬಲಗಡೆ ಮೇಣದ ಮನೆಯ ಚಿತ್ರ. ಎರಡು ಭಾಷೆ ಅಂದರೆ ಒಂದೇ ಮನೆಗೆ ಎರಡು ಹೆಸರಲ್ಲ, ಎರಡು ಮನೆ. ಮಗು ಎರಡರೊಳಗೂ ಓಡಾಡಿಕೊಂಡಿರಲಿ ಅಂತ ನನ್ನ ಆಸೆ.

ಲಿಪಿಯ ವಿಷಯಕ್ಕೆ ಬಳಗದಲ್ಲಿ ದೊಡ್ಡ ಚರ್ಚೆಯೇ ಆಯಿತು. ಕೆಲವು ಪುಸ್ತಕಗಳಲ್ಲಿ ನಾನು ಕನ್ನಡದ ಸಾಲಿನ ಕೆಳಗೆ ಅದೇ ಕನ್ನಡವನ್ನು ದೇವನಾಗರಿಯಲ್ಲಿ ಬರೆದಿದ್ದೆ. ಮಕ್ಕಳಿಗೆ ಶಾಲೆಯಿಂದ ದೇವನಾಗರಿ ಗೊತ್ತು. ಅದನ್ನು ಹಿಡಿದು ಓದಲಿ, ಕಣ್ಣು ತಾನಾಗಿ ಮೇಲಿನ ಸಾಲಿಗೆ ಹೋಗಲಿ ಅಂತ. ಒಬ್ಬ ಹಿರಿಯರಿಗೆ ಸಿಟ್ಟು ಬಂತು. "ಲಿಪಿ ಬಿಟ್ಟ ಮೇಲೆ ಏನು ಉಳೀತು ಮೇಡಂ?" ಅಂದರು. ಅವರ ನೋವು ನನಗೆ ಅರ್ಥವಾಗುತ್ತದೆ, ಅವರು ರಾತ್ರಿಶಾಲೆಯಲ್ಲಿ ಆ ಅಕ್ಷರಗಳನ್ನು ನಿದ್ದೆಗೆಟ್ಟು ಕಲಿತವರು. ಆದರೂ ನಾನು ಬಿಡಲಿಲ್ಲ. ಏಣಿ ಹತ್ತಿದ ಮಗು ಏಣಿಯ ಮೇಲೇ ಕೂತಿರುವುದಿಲ್ಲ. ಆರು ಮಕ್ಕಳು ಈಗ ಮೇಲಿನ ಸಾಲನ್ನೇ ಓದುತ್ತಾರೆ. ಆ ಹಿರಿಯರೇ ಅವರಿಗೆ ಒತ್ತಕ್ಷರ ಹೇಳಿಕೊಡುತ್ತಿದ್ದಾರೆ.

ಪೂರಾ ಬೆಲ್ಪ್ರೆ ಕಥೆಯನ್ನು ಓದಿ ಹೇಳಿದವಳಲ್ಲ, ಬಾಯಲ್ಲಿ ಹೇಳಿದವಳು. ಸೇಬಿನ ಬೀಜ ಬಿತ್ತುತ್ತಾ ಊರೂರು ತಿರುಗಿದ ಅಮೆರಿಕದ ಜಾನಿಯ ಹಾಗೆ ತಾನು ಕಥೆಯ ಬೀಜ ಬಿತ್ತಬೇಕು ಅಂತ ಆಕೆಗೆ ಆಸೆಯಿತ್ತು. ನ್ಯೂಯಾರ್ಕಿನ ಲೈಬ್ರರಿಗಳಲ್ಲಿ ಕಥೆಯ ಗಂಟೆಗೆ ಮೇಣದ ಬತ್ತಿ ಹಚ್ಚುವ ಪದ್ಧತಿ ಇತ್ತು. ಕೊನೆಗೆ ಮಕ್ಕಳು ಮನಸ್ಸಿನಲ್ಲಿ ಏನಾದರೂ ಬೇಡಿಕೊಂಡು ಊದಿ ಆರಿಸುವುದು. ನನಗೆ ಇದು ತುಂಬ ಇಷ್ಟವಾಗಿ ನಮ್ಮ ಕೋಣೆಯಲ್ಲೂ ಹಣತೆ ಹಚ್ಚಿದೆ. ಕಥೆ ಮುಗಿದ ಮೇಲೆ ಒಬ್ಬ ಹುಡುಗನಿಗೆ ಊದು ಅಂದೆ. ಅವನನ್ನು ಕರೆದುಕೊಂಡು ಬಂದಿದ್ದ ಅಜ್ಜಿ ಬಾಗಿಲ ಹತ್ತಿರದಿಂದಲೇ, "ಅಯ್ಯೋ, ದೀಪ ಊದಿ ಆರಿಸ್ಲಿಕ್ಕೆ ಹೇಳ್ತೀರಲ್ಲ ಮಾರಾಯ್ರೆ! ಒಳ್ಳೆದಲ್ಲ ಅದು" ಅಂದರು. ಕುಂದಾಪುರ ಕಡೆಯವರು. ಧಾರವಾಡದ ನಮ್ಮ ಅಜ್ಜಿಯೂ ಹಾಗೇ. ದೀಪ ಆರಿಸು ಅಂತ ಬಾಯಲ್ಲೂ ಅನ್ನುತ್ತಿರಲಿಲ್ಲ, ಶಾಂತ ಮಾಡು ಅನ್ನುತ್ತಿದ್ದಳು. ನನಗೆ ಅದು ಹೇಗೆ ಮರೆತುಹೋಗಿತ್ತೋ!

ಆ ಅಜ್ಜಿ ಒಳಗೆ ಬಂದು ತಮ್ಮ ತುರುಬಿನ ಅಬ್ಬಲಿಗೆ ದಂಡೆಯಿಂದ ಒಂದು ಹೂವು ಬಿಡಿಸಿ ಹುಡುಗನ ಕೈಗೆ ಕೊಟ್ಟರು. "ಹೂವಿನಿಂದ ಬತ್ತಿ ಮುಟ್ಟು, ಮನಸ್ಸಿನಲ್ಲಿ ಏನು ಬೇಕೋ ಕೇಳ್ಕೋ" ಅಂದರು. ಆವತ್ತಿನಿಂದ ನಮ್ಮಲ್ಲಿ ಅದೇ ಪದ್ಧತಿ. ಪ್ರತಿ ಭಾನುವಾರ ಒಂದು ಮಗು ಮನೆಯಿಂದ ಹೂವು ತರುತ್ತದೆ.

1943ರಲ್ಲಿ ಪೂರಾ ಮದುವೆಯಾದಳು. ಗಂಡ ಕ್ಲಾರೆನ್ಸ್ ಕ್ಯಾಮೆರಾನ್ ವೈಟ್, ಹೆಸರಾಂತ ಆಫ್ರಿಕನ್ ಅಮೆರಿಕನ್ ಪಿಟೀಲು ವಾದಕ, ಸಂಗೀತ ರಚನೆ ಮಾಡುವವರು. ಲೈಬ್ರರಿ ಕೆಲಸ ಬಿಟ್ಟು ಅವರ ಜೊತೆ ತಿರುಗಾಡುತ್ತಾ ಬರೆದಳು. ಪೋರ್ಟೊರಿಕೊದ ಜನಪದ ಕಥೆಗಳ ಇಡೀ ಸಂಕಲನ ತಂದಳು. 1960ರಲ್ಲಿ ಗಂಡ ತೀರಿಕೊಂಡರು. ಮರುವರ್ಷ, ಅರವತ್ತರ ಹೊಸ್ತಿಲಲ್ಲಿ, ಮತ್ತೆ ಲೈಬ್ರರಿಗೆ ಬಂದಳು. ಸ್ಪ್ಯಾನಿಷ್ ಮಾತಾಡುವ ಮಕ್ಕಳಿಗೆಂದೇ ವಿಶೇಷ ಹುದ್ದೆ. ಆ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಅವಳ ಊರಿನ ಜನ ಲಕ್ಷಗಟ್ಟಲೆ ಆಗಿದ್ದರು. 1968ರಲ್ಲಿ ನಿವೃತ್ತಿ. ಆದರೂ ಕೂರಲಿಲ್ಲ, ಸೌತ್ ಬ್ರಾಂಕ್ಸಿನ ಲೈಬ್ರರಿ ಯೋಜನೆಗೆ ಸೇರಿ ಬೊಂಬೆಯಾಟ ಆಡಿಸಿದಳು. 1982ರ ಜೂನ್ ಕೊನೆಯ ದಿನ ನ್ಯೂಯಾರ್ಕ್ ಮೇಯರ್ ಆಕೆಗೆ ಗೌರವ ಪ್ರಶಸ್ತಿ ಕೊಟ್ಟರು. ಮರುದಿನ, ಜುಲೈ 1ಕ್ಕೆ, ತೀರಿಕೊಂಡಳು.

ಆಕೆ ಮಕ್ಕಳಿಗೆಂದು ಬರೆದಿಟ್ಟಿದ್ದ ಒಂದು ಕಾದಂಬರಿ ಪುಸ್ತಕವಾಗಿ ಬಂದದ್ದು 1996ರಲ್ಲಿ. ನಾನು ಕಿಂಗ್ಸ್ ಸರ್ಕಲ್ಲಿನಲ್ಲಿ ನೋಡಿದ ಪದಕ ಶುರುವಾದದ್ದೂ ಅದೇ ವರ್ಷ. ಅದು ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಬರಹಗಾರರಿಗೆ, ಚಿತ್ರಕಾರರಿಗೆ ಕೊಡುವ ಪದಕ. ಒಬ್ಬ ಲೈಬ್ರರಿಯನ್ ಹೆಸರಿನಲ್ಲಿ.

ಹೋದ ವಾರ ಆ ಕುಂದಾಪುರದ ಅಜ್ಜಿ ಮತ್ತೆ ಬಂದಿದ್ದರು. ಗುಬ್ಬಕ್ಕನ ಪುಸ್ತಕವನ್ನು ಮೊಮ್ಮಗನಿಂದ ಓದಿಸಿಕೊಂಡರು. ಎಡಗಡೆಯದನ್ನೂ ಕೇಳಿದರು, ಬಲಗಡೆಯದನ್ನೂ ಕೇಳಿದರು. ಆಮೇಲೆ ಪುಸ್ತಕ ಮುಚ್ಚಿಟ್ಟು, "ನಮ್ಮ ಬದಿಯಲ್ಲಿ ಹೀಂಗಲ್ಲ ಹೇಳುದು" ಅಂದರು. ಹೇಗೆ ಅಂತ ಕೇಳಿದೆ. "ಈಗ ಬ್ಯಾಡ. ಮಕ್ಕಳೆಲ್ಲ ಬರ್ಲಿ, ಆಗ ಹೇಳ್ತೆ" ಅಂದರು.

ಬರುವ ಭಾನುವಾರ ಕಥೆ ಅವರದು. ಬರೆದುಕೊಳ್ಳಲು ಒಂದು ಹೊಸ ನೋಟ್‌ಬುಕ್ ತಂದಿಟ್ಟಿದ್ದೇನೆ. ಹೂವು ತರುವ ಸರದಿ ಆ ಮರಾಠಿ ಹುಡುಗಿಯದು.